ಮೂರು ಸಲ ಒಡೆದ ಗೋಡೆ

ಒಂದು ತಾಲ್ಲೂಕು ಊರಿನಲ್ಲಿ ಸರ್ಕಾರ ಹೆರಿಗೆ ಆಸ್ಪತ್ರೆ ಕಟ್ಟಿಸುತ್ತಿತ್ತು. ಉಸ್ತುವಾರಿ ಇಂಜಿನಿಯರ್ ವಾಮದೇವಪ್ಪನವರದು. ಅದು ಮುಗಿಯುವ ತನಕ ಬಸುರಿ ಹೆಂಗಸರಿಗೆ ಹಳೇ ಆಸ್ಪತ್ರೆಯ ವರಾಂಡವೇ ಗತಿ. ಅಲ್ಲಿ ಸೀರೆ ಮರೆ ಕಟ್ಟಿ ಹೆರಿಗೆ ಮಾಡಿಸುತ್ತಿದ್ದ ನರ್ಸ್ ಗ್ರೇಸಮ್ಮ, ಇಂಜಿನಿಯರ್ ಕಂಡಾಗಲೆಲ್ಲ "ಯಾವಾಗ ಸಾರ್?" ಎನ್ನುತ್ತಿದ್ದರು. ಕೊನೆಗೆ ವಾಮದೇವಪ್ಪನವರು ಆಕೆಯನ್ನು ಕಂಡರೆ ಬೇರೆ ದಾರಿ ಹಿಡಿಯತೊಡಗಿದರು.

ಕೆಲಸ ಬೇಗ ಆಗಲೆಂದು ಅವರೇ ಒಂದು ಉಪಾಯ ಹೂಡಿದ್ದರು. ಗಾರೆ ಕೆಲಸ ಚೌಡಪ್ಪನಿಗೆ, ವೈರಿಂಗ್ ಲಾರೆನ್ಸನಿಗೆ, ನಲ್ಲಿ ಕೆಲಸ ದಸ್ತಗೀರನಿಗೆ ವಹಿಸಿದ್ದರು. ಮೂವರಲ್ಲಿ ಮೊದಲು ಮುಗಿಸಿದವನಿಗೆ ಮುಂದಿನ ಶಾಲೆ ಕಟ್ಟಡದ ಕೆಲಸವೂ ಸಿಗುತ್ತದೆ ಎಂದು ಆಸೆ ತೋರಿಸಿದ್ದರು. ಮೂವರೂ ಓಡಿದರು. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ.

ಚೌಡಪ್ಪ ಯಾರಿಗೂ ಕಾಯದೆ ಹೆರಿಗೆ ಕೋಣೆಯ ಗೋಡೆಗೆ ಗಾರೆ ಮೆತ್ತಿ ನುಣುಪು ಮಾಡಿದ. ಲಾರೆನ್ಸ್ ಅದನ್ನೇ ಒಡೆದು ವೈರು ಹೂತ. ಚೌಡಪ್ಪ ಬೈಯುತ್ತ ಮತ್ತೆ ಮೆತ್ತಿದ. ದಸ್ತಗೀರ್ ಅದೇ ಗೋಡೆ ಒಡೆದು ಪೈಪು ಇಟ್ಟ, ಜೊತೆಗೆ ವೈರನ್ನೂ ಕತ್ತರಿಸಿದ. ವೈರು ಹುಡುಕಲು ಲಾರೆನ್ಸ್ ಮತ್ತೆ ಒಡೆದ. ವಾಮದೇವಪ್ಪನವರಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬುದ್ಧಿ ಇರುವ ಮೂವರು ದೊಡ್ಡವರು ಒಂದು ಗೋಡೆಯ ಹತ್ತಿರ ನಿಂತು ಮಾತಾಡಲಾರರೇ!

ಮೂವರನ್ನೂ ಕರೆಸಿ ಬಾಯಿಗೆ ಬಂದಂತೆ ಬೈದರು. ಚೌಡಪ್ಪ ತಲೆ ತುರಿಸಿಕೊಂಡ.

"ಮೊದ್ಲು ಮುಗಿಸ್ದೋನಿಗೇ ಸ್ಕೂಲ್ ಕೆಲ್ಸ ಅಂತ ನೀವೇ ಅಂದ್ರಲ್ಲ ಸಾರ್. ಇವರಿಗೆ ಕಾಯ್ತಾ ಕೂತ್ರೆ ನನ್ನ ಗತಿ?"

ವಾಮದೇವಪ್ಪನವರಿಗೆ ಬೈಯಲು ಇನ್ನೂ ಬೇಕಾದಷ್ಟು ಮಾತಿತ್ತು. ಆದರೆ ಅದನ್ನೆಲ್ಲ ತಮಗೇ ಹೇಳಿಕೊಳ್ಳಬೇಕಿತ್ತು.

ಮಾರನೆಯ ದಿನ ಹಳೇ ಮಾತು ಹಿಂದಕ್ಕೆ ಪಡೆದರು. ಆಸ್ಪತ್ರೆ ಒಪ್ಪವಾಗಿ ಮುಗಿದರೆ ಶಾಲೆ ಕೆಲಸ ಮೂವರಿಗೂ, ಇಲ್ಲದಿದ್ದರೆ ಒಬ್ಬರಿಗೂ ಇಲ್ಲ ಎಂದರು. ವೈರು ಎಲ್ಲಿ, ಪೈಪು ಎಲ್ಲಿ ಎಂದು ಮೂವರೂ ಒಟ್ಟಿಗೆ ನಿಂತು ಬರೀ ಇಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವವರೆಗೆ ಯಾರೂ ಕರಣೆ, ಉಳಿ ಮುಟ್ಟಕೂಡದು. ತಾವೂ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಮೊದಲ ದಿನ ಬರೀ ಜಗಳವೇ ಆಯಿತು. ಎರಡನೆಯ ದಿನ ದಸ್ತಗೀರ್, ಲಾರೆನ್ಸನ ವೈರಿಗೆ ಜಾಗ ಬಿಟ್ಟು, ತನ್ನ ಪೈಪಿನ ಗೆರೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದ. ಆಮೇಲೆ ಆ ಕಟ್ಟಡದಲ್ಲಿ ಯಾವ ಗೋಡೆಯನ್ನೂ ಮತ್ತೆ ಒಡೆಯಲಿಲ್ಲ.

ಉದ್ಘಾಟನೆಗೆ ಬಂದ ಮೇಲಧಿಕಾರಿಗಳು, ಮೂವರಲ್ಲಿ ಮೊದಲು ಮುಗಿಸಿದವನು ಯಾರು, ಅವನಿಗೆ ಹಾರ ಹಾಕೋಣ ಎಂದರು. ವಾಮದೇವಪ್ಪನವರು ಒಳಗೆ ನೋಡಿದರು. ಗ್ರೇಸಮ್ಮ ಆಗಲೇ ಒಬ್ಬ ಬಸುರಿಯನ್ನು ಮಂಚದ ಮೇಲೆ ಮಲಗಿಸಿ ದೀಪ ಹಾಕಿ, ನಲ್ಲಿ ತಿರುಗಿಸಿ ಕೈ ತೊಳೆಯುತ್ತಿದ್ದರು.

"ಯಾರೂ ಮೊದಲು ಮುಗಿಸಲಿಲ್ಲ ಸಾರ್," ಎಂದರು ವಾಮದೇವಪ್ಪನವರು. "ಅದಕ್ಕೇ ಮುಗೀತು."

ನೀತಿ: ಕೆಲಸ ಕೊಡುವವರೇ ಕೆಲಸಗಾರರನ್ನು ಪೈಪೋಟಿಗೆ ಬಿಟ್ಟು, ಆಮೇಲೆ ಒಗ್ಗಟ್ಟಿಲ್ಲ ಎಂದು ಬೈದರೆ ಫಲವಿಲ್ಲ. ಕೂಡಿ ದುಡಿದರೆ ಎಲ್ಲರಿಗೂ ಲಾಭ ಎನ್ನುವಂಥ ಕಟ್ಟಳೆಯನ್ನು ಮೊದಲು ಮಾಡಬೇಕು.