ಸರಸಿಜೆ ನುಂಗಿದ ಹೆಸರು

ಸೀರೆ ಉಟ್ಟು ಕುಣಿಯುವ ಕಾಲ ಹೋಗಿ, ಹೊಲಿದ ಉಡುಪು ತೊಟ್ಟು ಕುಣಿಯುವ ಕಾಲ ಬರುತ್ತಿತ್ತು.

ಪಟ್ಟಣದಲ್ಲಿ ಎಲ್ಲಿ ನೋಡಿದರೂ ಬ್ಯಾಲೆ, ಬ್ಯಾಲೆ ಎಂಬ ಮಾತು. ಒಬ್ಬಳೇ ಕೂತು ಒಂದು ಪದಕ್ಕೆ ಒಂದು ಗಂಟೆ ಅಭಿನಯ ಮಾಡಿದರೆ ಈಗ ಯಾರು ನೋಡುತ್ತಾರೆ? ಇಪ್ಪತ್ತು ಜನ ಸಾಲಾಗಿ ಬರಬೇಕು. ಬಣ್ಣದ ದೀಪ ಬೀಳಬೇಕು. ಎಲ್ಲರ ನೆರಿಗೆಯೂ ಒಂದೇ ಸಲ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳಬೇಕು.

ಆಗ ಕಪಿಲೆಯ ದಡದ ಒಂದು ಹೆಂಚಿನ ಮನೆಯಲ್ಲಿ ದೇವಾಜಮ್ಮನವರು ಇದ್ದರು. ಒಂದು ಕಾಲದಲ್ಲಿ ಅರಮನೆಯಲ್ಲಿ ಕುಣಿದವರು. ಅಮಲ್ದಾರರ ಮಗಳು ಸರಸಿಜೆ ಅವರ ಬಳಿ ಹನ್ನೊಂದು ವರ್ಷ ಕಲಿತಳು.

ಆ ಮನೆಯಲ್ಲಿ ಒಂದು ಪದ್ಧತಿ. ಕುಣಿಯುವವಳು ತನ್ನ ಸೀರೆ ತಾನೇ ಉಡುವ ಹಾಗಿಲ್ಲ. ಹದಿನೆಂಟು ಮೊಳದ ಸೀರೆಯನ್ನು ಗುರುವೇ ಉಡಿಸಬೇಕು. ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ನೆರಿಗೆ ಹಿಡಿಯುತ್ತ ಹಿಡಿಯುತ್ತಲೇ ದೇವಾಜಮ್ಮನವರು ಅಂದಿನ ಪದದ ಅರ್ಥ ಹೇಳುತ್ತಿದ್ದರು. ಹುಡುಗಿಯ ಮನಸ್ಸು ಎಲ್ಲೋ ಹೋಯಿತೆಂದರೆ ಸೊಂಟಕ್ಕೊಂದು ಚಿವುಟು ಬೀಳುತ್ತಿತ್ತು.

ಹೊಲಿದ ಉಡುಪಿಗೆ ಗುರು ಬೇಕಿಲ್ಲ. ಹಿಂದೆ ನಾಲ್ಕು ಹುಕ್ಕು ಸಿಕ್ಕಿಸಿದರೆ ಮುಗಿಯಿತು.

ಸರಸಿಜೆಗೆ ಬೆಂಗಳೂರಿನ ಒಂದು ಬ್ಯಾಲೆ ತಂಡದಲ್ಲಿ ನಾಯಕಿಯ ಪಾತ್ರ ಸಿಕ್ಕಿತು. ಎಲ್ಲರೂ ರೇಷ್ಮೆಯ ಹೊಸ ಉಡುಪು ಹೊಲಿಸಬೇಕು ಎಂದು ತಂಡದವರು ಅಂದರು. ಅವಳು ದೇವಾಜಮ್ಮನವರು ಕೊಟ್ಟಿದ್ದ ಸೀರೆಯನ್ನೇ ಟೈಲರ್ ಕೈಗೆ ಕೊಟ್ಟಳು. ಕತ್ತರಿ ಕಚಕಚ ಅಂದಾಗ ಮುಖ ತಿರುಗಿಸಿಕೊಂಡಳು.

ಮೊದಲ ಪ್ರದರ್ಶನ ಮುಗಿಯಿತು. ಹಾರ ಹಾಕಲು ಬಂದ ದೊಡ್ಡ ಮನುಷ್ಯರೊಬ್ಬರು ಮೈಕಿನ ಮುಂದೆಯೇ ಕೇಳಿದರು.

"ಬಹಳ ಚೆನ್ನಾಗಿ ಕುಣಿದೆಯಮ್ಮಾ! ನಿನ್ನ ಗುರುಗಳು ಯಾರು?"

ಮುಂದಿನ ಸಾಲಿನಲ್ಲಿ ಅಪ್ಪ ಕೂತಿದ್ದರು. ಹಿಂದಿನ ದಿನವೇ ಅವರು ಎಚ್ಚರಿಸಿದ್ದರು. "ಕಲಿಯಲು ಬಿಟ್ಟದ್ದು ನಾನೇ ಸರಿ, ಆದರೆ ಆ ಹೆಂಗಸಿನ ಹೆಸರು ಅಲ್ಲಿ ಎತ್ತಬೇಡ. ಗಂಡಿನ ಕಡೆಯವರು ಬರುತ್ತಾರೆ. ಅಂಥವರ ಹತ್ತಿರ ಕಲಿತವಳು ಅಂತ ಗೊತ್ತಾದರೆ ಸಂಬಂಧ ಮುರಿಯಿತು ಅಂತಲೇ ತಿಳಿ."

ಆರನೆಯ ಸಾಲಿನಲ್ಲಿ ದೇವಾಜಮ್ಮನವರು ಕೂತಿದ್ದರು. ಬೆಳಗಿನ ರೈಲು ಹತ್ತಿ ಬಂದಿದ್ದರು.

"ಗುರುಗಳು ಅಂತ ಯಾರೂ ಇಲ್ಲ," ಅಂದಳು ಸರಸಿಜೆ. "ಪುಸ್ತಕ ನೋಡಿ ಕಲಿತೆ."

ಸಭೆ ಚಪ್ಪಾಳೆ ತಟ್ಟಿತು. ಪುಸ್ತಕ ನೋಡಿ ಈಜು ಕಲಿತವರುಂಟೇನಮ್ಮಾ ಎಂದು ಒಬ್ಬರಾದರೂ ಕೇಳಬಾರದೇ? ಒಬ್ಬರೂ ಕೇಳಲಿಲ್ಲ.

ದೇವಾಜಮ್ಮನವರು ಸೆರಗು ಹೊದ್ದುಕೊಂಡು ಎದ್ದು ಹೋದರು.

ಅಂದಿನಿಂದ ಸರಸಿಜೆಗೆ ತಲೆ ಬಾಚಲು ಕನ್ನಡಿ ಎತ್ತಿದರೆ ನಾಚಿಕೆ. ಯಾರಾದರೂ ಹೊಗಳಿದರೆ ಇನ್ನೂ ನಾಚಿಕೆ. ಬೆಂಗಳೂರಿನಿಂದ ಮನೆಗೆ ಬಂದ ನೆಂಟರು, "ನೋಡಿ, ತಾನೇ ಕಲಿತಳಂತೆ, ಎಂಥ ಬುದ್ಧಿ!" ಅಂದಾಗ ಅವಳು ಹಿತ್ತಿಲಿಗೆ ಹೋಗಿ ನಿಂತಳು.

ಎಂಟನೆಯ ದಿನ ಉಡುಪನ್ನು ಚೀಲಕ್ಕೆ ತುಂಬಿಕೊಂಡು ಕಪಿಲೆಯ ದಡಕ್ಕೆ ಬಂದಳು.

ದೇವಾಜಮ್ಮನವರು ಜಗಲಿಯಲ್ಲಿ ನೆನೆಸಿದ ಅವರೆಕಾಳು ಹಿಚುಕುತ್ತಿದ್ದರು.

"ಬಂದ್ಯಾ? ಕೂತ್ಕೊ."

ಸರಸಿಜೆ ಕೂರಲಿಲ್ಲ. ಏನೋ ಒಂದು ತಪ್ಪು ಒಪ್ಪಿಕೊಳ್ಳಬೇಕಿತ್ತು. ಎರಡರಲ್ಲಿ ಚಿಕ್ಕದನ್ನು ಆರಿಸಿಕೊಂಡಳು.

"ಅಮ್ಮಾ, ನೀವು ಕೊಟ್ಟ ಸೀರೆ ಕತ್ತರಿಸಿಬಿಟ್ಟೆ."

"ಎಲ್ಲಿ, ತೋರ್ಸು."

ಅವಳು ಚೀಲ ಬಿಚ್ಚಿದಳು. ದೇವಾಜಮ್ಮನವರು ಕೈ ಒರೆಸಿಕೊಂಡು ಉಡುಪನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಜರಿ ಅಂಚು ಹಾಳು ಮಾಡಿಲ್ಲ. ಟೈಲರ್ರು ಜಾಣ."

"ಬೈಯಿರಿ ಅಮ್ಮಾ."

"ಯಾಕೆ ಬೈಲಿ? ನಮ್ಮವ್ವ ಇಷ್ಟಗಲ ಲಂಗ ತೊಟ್ಟು ಕುಣೀತಿದ್ಲು. ನಾನು ಪೈಜಾಮದ ಮೇಲೆ ಸೀರೆ ಉಟ್ಟೆ. ಮೂರು ದಿನ ನನ್ನ ಜೊತೆ ಮಾತು ಬಿಟ್ಲು. ಆಮೇಲೆ ಉಬ್ಬು ತೋಳಿನ ಕುಪ್ಪಸ ಹಾಕ್ಕೊಂಡೆ. ಅದಕ್ಕೆ ಇನ್ನೊಂದು ರಾಮಾಯಣ ಆಯ್ತು. ಬಟ್ಟೆ ಬದಲಾಗ್ದೆ ಇರುತ್ತೇನೆ?"

"ಕುಣಿಯುವ ರೀತಿಯೂ ಬದಲಾಗಿದೆ ಅಮ್ಮಾ. ನೀವು ಒಂದು ಸಾಲು ಹಾಡಿಗೆ ಹತ್ತು ಥರ ಅರ್ಥ ಹಿಡಿಯೋದು ಕಲಿಸಿದಿರಿ. ಅಲ್ಲಿ ಒಂದು ಸಾಲಿಗೆ ಒಂದೇ ಸಲ ಕೈ ಎತ್ತಬೇಕು. ಇಪ್ಪತ್ತು ಜನರೂ ಒಟ್ಟಿಗೆ."

"ಎತ್ತು. ಯಾರು ಬೇಡ ಅಂದ್ರು? ಎಲ್ಲರಿಗಿಂತ ಮೊದಲು ಎತ್ತಬೇಡ ಅಷ್ಟೆ. ಎಲ್ಲಿ, ಇದನ್ನ ತೊಟ್ಟು ಅರೆಮಂಡಿಗೆ ಕೂತ್ಕೊ."

ಸರಸಿಜೆ ಒಳಗೆ ಹೋಗಿ ಉಡುಪು ತೊಟ್ಟು ಬಂದು ಮಂಡಿ ಬಾಗಿಸಿದಳು. ದೇವಾಜಮ್ಮನವರು ಅವಳ ಸುತ್ತ ಒಂದು ಸುತ್ತು ಬಂದರು.

"ಮಂಡಿ ಹತ್ರ ಬಿಗಿ ಹಿಡಿದಿದೆ. ಹಿಂಗಾದ್ರೆ ಕಾಲು ತೆರೆಯೋದೆಲ್ಲಿಂದ? ಬಿಚ್ಚು, ಸರಿ ಮಾಡ್ಕೊಡ್ತೀನಿ."

ಅವರು ಸೂಜಿ ದಾರ ತೆಗೆದು ಹೊಲಿಗೆ ಬಿಚ್ಚಿ, ಮತ್ತೆ ಹೊಲಿಯಲು ಕೂತರು. ಆ ವಯಸ್ಸಾದ ಬೆರಳುಗಳನ್ನು ನೋಡುತ್ತ ನೋಡುತ್ತ ಸರಸಿಜೆಗೆ ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು.

ದೇವಾಜಮ್ಮನವರು ಸೂಜಿಯಿಂದ ಕಣ್ಣೆತ್ತಿದರು.

"ಮುಖ ಬೆಳಕಿನ ಕಡೆ ತಿರುಗಿಸ್ಕೊಂಡು ಅಳ್ತಾ ಇದೀಯ."

ಹೌದು. ತಿರುಗಿಸಿಕೊಂಡೇ ಅಳುತ್ತಿದ್ದಳು. ಬೆಳಕು ಎಲ್ಲಿದೆಯೋ ಅಲ್ಲಿಗೆ ಮುಖ ಕೊಡಬೇಕು ಅಂತ ಹನ್ನೊಂದು ವರ್ಷ ಕಲಿತದ್ದು ಅಳುವಾಗಲೂ ಬಿಟ್ಟಿರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು! ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

ಅವಳು ಗೋಡೆಯ ಕಡೆ ತಿರುಗಿ ಕೂತಳು. ಅಳು ನಿಂತುಹೋಯಿತು. ನಾಚಿಕೆ ಮಾತ್ರ ಉಳಿಯಿತು.

ಗೋಡೆಗೇ ಹೇಳಿದಳು.

"ಅಮ್ಮಾ, ಅಲ್ಲಿ ನಿಮ್ಮ ಹೆಸರು ಹೇಳಲಿಲ್ಲ. ನೀವು ಕೂತಿದ್ದು ಕಾಣುತ್ತಿತ್ತು. ಕಂಡೂ ಹೇಳಲಿಲ್ಲ."

"ನನಗ್ಯಾಕೆ ಹೇಳ್ತೀಯ ಕೂಸೇ? ನನ್ನ ಹೆಸರು ನನಗೆ ಗೊತ್ತು."

"ತಪ್ಪಾಯಿತು. ಮತ್ತೆ ಪಾಠಕ್ಕೆ ಸೇರಿಸಿಕೊಳ್ಳಿ."

ದೇವಾಜಮ್ಮನವರು ದಾರ ಹಲ್ಲಿನಿಂದ ಕಡಿದರು. ಉಡುಪು ಮಡಚಿ ಅವಳ ಮುಂದಿಟ್ಟರು.

"ಪುಸ್ತಕ ನೋಡಿ ಕಲಿತವಳಿಗೆ ನಾನೇನು ಪಾಠ ಹೇಳಲಿ?"

ದನಿ ಏರಲಿಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಆ ದನಿಯನ್ನು ಸರಸಿಜೆ ಕೇಳಿರಲಿಲ್ಲ.

"ಹೊರಡು. ಬಸ್ಸಿಗೆ ಹೊತ್ತಾಯ್ತು."

ಅವರು ಮತ್ತೆ ಅವರೆಕಾಳಿಗೆ ಕೈ ಹಾಕಿದರು. ಸರಸಿಜೆ ಮೆಟ್ಟಿಲಿಳಿದಳು. ಹಿಂದಿನಿಂದ 'ಮತ್ತೆ ಬಾ' ಎಂಬ ಮಾತು ಬರಬಹುದೆಂದು ಹೊಳೆಯವರೆಗೂ ಕಿವಿ ಕೊಟ್ಟು ನಡೆದಳು. ಬರಲಿಲ್ಲ.

ತಿಂಗಳು ಕಳೆಯಿತು. ಬ್ಯಾಲೆ ಮತ್ತೆ ಅದೇ ಸಭಾಂಗಣದಲ್ಲಿ. ಸಂಬಂಧ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಗಂಡಿನ ತಾಯಿ ತಂದೆ ಮುಂದಿನ ಸಾಲಿನಲ್ಲಿ ಅಪ್ಪನ ಪಕ್ಕದಲ್ಲೇ ಕೂತಿದ್ದರು. ಆರನೆಯ ಸಾಲಿನಲ್ಲಿ ಯಾರೋ ಬೇರೆಯವರು.

ಈ ಸಲ ಗುರು ಯಾರೆಂದು ಕೇಳುವವರಿರಲಿಲ್ಲ. ಎಲ್ಲರಿಗೂ ಗೊತ್ತಿತ್ತಲ್ಲ, ಪುಸ್ತಕ! ಕೇಳಿದಾಗ ಹೇಳದೆ ಉಳಿಸಿಕೊಂಡದ್ದನ್ನು ಕೇಳದಿರುವಾಗ ಹೇಳುವುದು ಎಷ್ಟು ಕಷ್ಟ ಎಂದು ಅವಳಿಗೆ ಆಗ ಗೊತ್ತಾಯಿತು. ಇನ್ನೊಂದು ದಿನ ಹೇಳಿದರಾಯಿತು ಅಂತ ಒಮ್ಮೆ ಅಂದುಕೊಂಡಳು. ಅಂದುಕೊಂಡದ್ದಕ್ಕೇ ಮತ್ತೆ ಮೈ ಹಿಡಿಯಾಯಿತು.

ಪರದೆ ಏಳುವ ಮೊದಲು ಅವಳು ಹೊರಗೆ ಬಂದು ಮೈಕಿನ ಮುಂದೆ ನಿಂತಳು.

"ಹೋದ ಸಲ ನಾನು ಇಲ್ಲಿ ಸುಳ್ಳು ಹೇಳಿದೆ. ಪುಸ್ತಕ ನೋಡಿ ಕಲಿತವಳಲ್ಲ. ಅರಮನೆಯಲ್ಲಿ ಕುಣಿಯುತ್ತಿದ್ದ ದೇವಾಜಮ್ಮನವರು ನನಗೆ ಕಲಿಸಿದರು. ಹನ್ನೊಂದು ವರ್ಷ ಕಲಿಸಿದರು. ಅವರು ಇಲ್ಲೇ ಕೂತಿದ್ದರು. ನಾನು ಇಲ್ಲ ಅಂದೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿ ಗಂಡಿನ ತಾಯಿ ಗಂಡನ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ಎದ್ದರು. ಅವರ ಹಿಂದೆ ಕೈ ಮುಗಿಯುತ್ತ ಅಪ್ಪನೂ ಎದ್ದು ಹೋದರು.

ಮೃದಂಗ ಶುರುವಾಯಿತು.

ರಾತ್ರಿಯ ರೈಲು ಹತ್ತಿ ಮರುದಿನ ಬೆಳಿಗ್ಗೆ ಸರಸಿಜೆ ಬರಿಗೈಯಲ್ಲಿ ಹೊಳೆಯ ದಡದ ಮನೆಗೆ ಬಂದಳು. ದೇವಾಜಮ್ಮನವರು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು. ಅವಳು ಒಳಗೆ ಬರಲಿಲ್ಲ. ಅಂಗಳದಾಚೆಗೇ ಮಣ್ಣಿನ ಮೇಲೆ ಕೂತಳು.

"ಹೇಳಿದೆ ಅಮ್ಮಾ."

"ಯಾರಿಗೆ?"

"ಎಲ್ಲರಿಗೂ. ಮೈಕಿನಲ್ಲಿ."

"ನಿಮ್ಮಪ್ಪ ಏನಂದ್ರು?"

"ಏನೂ ಅನ್ನಲಿಲ್ಲ. ನನ್ನ ಮುಖ ನೋಡುತ್ತಿಲ್ಲ. ಸಂಬಂಧ ಮುರಿಯಿತು."

ದೇವಾಜಮ್ಮನವರ ಕೈಯಲ್ಲಿ ಚೊಂಬು ಹಾಗೇ ನಿಂತಿತು. ಸರಸಿಜೆ ತಲೆ ಎತ್ತಲಿಲ್ಲ. ಹೇಳಿಬಿಟ್ಟರೆ ನಾಚಿಕೆ ಕಳೆಯುತ್ತದೆ ಅಂದುಕೊಂಡಿದ್ದಳು. ಎಲ್ಲಿ ಕಳೆಯಿತು? ಅವಳ ಜೊತೆಗೇ ಬಂದು ಅಲ್ಲೇ ಕೂತಿತ್ತು.

"ಆಮೇಲೆ ಕುಣಿದ್ಯಾ?"

"ಕುಣಿದೆ."

"ಹೆಂಗೆ ಕುಣಿದೆ?"

ಅವಳು ಮಣ್ಣು ಕೆರೆಯುತ್ತ ಕೂತಳು. ಸುಳ್ಳು ಹೇಳಬಹುದಿತ್ತು. ಇವರೇನು ನೋಡಲು ಬಂದಿರಲಿಲ್ಲ.

"ಚೆನ್ನಾಗಿ ಕುಣಿಯಲಿಲ್ಲ ಅಮ್ಮಾ. ಎರಡು ಕಡೆ ತಾಳ ತಪ್ಪಿತು."

ದೇವಾಜಮ್ಮನವರು ಚೊಂಬನ್ನು ಠಣ್ಣನೆ ಕುಕ್ಕಿದರು.

"ನನ್ನ ಹೆಸರು ಹೇಳಿ ತಾಳ ತಪ್ಪಿದ್ಯಾ, ಹಾಳಾದವಳೇ? ಏಳು, ಎದ್ದು ನಿಂತ್ಕೊ!"