ಮೂವತ್ತು ಹೆಜ್ಜೆಯೊಳಗೆ

ಹರಿದು ಹರಿದು ದಣಿದ ಮಲಪ್ರಭೆ ಒಂದು ಕಡೆ ಮಗ್ಗುಲು ಬದಲಿಸುತ್ತದೆ. ಆ ತಿರುವಿನಲ್ಲಿ ಗುರುಪಾದಜ್ಜನ ಸಣ್ಣ ಮಠ. ಹನ್ನೊಂದು ದಿನ ಇದ್ದು ಹೋಗಲೆಂದು ಅಲ್ಲಿಗೆ ಬಂದವಳು ನೀಲಾಂಬಿಕಾ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರು.

ಮಠದಲ್ಲಿ ಕಟ್ಟಳೆ ಒಂದೇ. ಬಂದವರು ತಮ್ಮ ಫೋನನ್ನು ಅಜ್ಜನ ಕೋಣೆಯ ಬುಟ್ಟಿಯಲ್ಲಿ ಇಡಬೇಕು, ಹೊರಡುವ ದಿನ ತೆಗೆದುಕೊಳ್ಳಬೇಕು.

ನೀಲಾಂಬಿಕಾ ಫೋನ್ ಇಟ್ಟಳು. ಬಂದ್ ಮಾಡಲಿಲ್ಲ. ಕೈಯಲ್ಲಿದ್ದ ಸ್ಮಾರ್ಟ್‌ವಾಚನ್ನೂ ಬಿಚ್ಚಲಿಲ್ಲ. ಕಟ್ಟಳೆಯಲ್ಲಿ ವಾಚಿನ ಮಾತೇ ಇರಲಿಲ್ಲವಲ್ಲ! ಗಣಿತದವರಿಗೆ ಇಂಥ ಸಂದುಗಳು ಬೇಗ ಕಾಣುತ್ತವೆ.

ಬುಟ್ಟಿಯೊಳಗಿನ ಫೋನಿಗೆ ಕರೆ ಬಂದರೆ ವಾಚು ಮಣಿಕಟ್ಟಿನ ಮೇಲೆ ಮೆಲ್ಲಗೆ ನಡುಗುತ್ತಿತ್ತು. ಆದರೆ ಎರಡೂ ಮೂವತ್ತು ಹೆಜ್ಜೆಯೊಳಗೇ ಇರಬೇಕು. ಅದರಾಚೆ ಬ್ಲೂಟೂತ್ ಕಡಿದುಹೋಗುತ್ತದೆ, ಆಮೇಲೆ ಒಂದಕ್ಕೊಂದು ಗೊತ್ತೇ ಇಲ್ಲ. ಮೊದಲ ದಿನವೇ ಅವಳು ಅಳೆದು ನೋಡಿದ್ದಳು. ಪಾರಿಜಾತದ ಕಟ್ಟೆಗೆ ಇಪ್ಪತ್ತಾರು ಹೆಜ್ಜೆ, ಅಡುಗೆಮನೆಗೆ ಇಪ್ಪತ್ತೊಂಬತ್ತು. ಹೊಳೆ ಬಹಳ ದೂರ.

ಹಾಗಾಗಿ ಬೆಳಗ್ಗೆ ಎಲ್ಲರೂ ಹೊಳೆದಂಡೆಗೆ ಧ್ಯಾನಕ್ಕೆ ಹೋದರೆ, ಇವಳು ಅಜ್ಜನ ಕೋಣೆಯ ಗೋಡೆಗೆ ಆತು ಕೂರುತ್ತಿದ್ದಳು. ಕೋಣೆಯ ಕಸ ಗುಡಿಸುವ ಸೇವೆಯನ್ನೂ ಬೇಡಿ ಪಡೆದಳು. ಗುಡಿಸುವಷ್ಟು ಹೊತ್ತು ಫೋನಿಗೆ ಚಾರ್ಜು ಹಾಕಬಹುದು, ನೋಡಿ.

ಮಠದವರಿಗೆ ಇದೆಲ್ಲ ಭಕ್ತಿಯಾಗಿ ಕಂಡಿತು. ಐದನೆಯ ದಿನ ಅಡುಗೆಯ ಪಾರ್ವತೆವ್ವ ಅವಳ ಕಾಲು ಮುಟ್ಟಿಯೇ ಬಿಟ್ಟಳು.

“ಗುರುವಿನ ನೆಳ್ಳು ಬಿಟ್ಟು ಕದಲಂಗಿಲ್ಲ ನೋಡ್ರಿ ನೀವು. ನಮಗೆಲ್ಲಿ ಬರಬೇಕು ಇಂಥಾ ಭಕ್ತಿ!”

ನೀಲಾಂಬಿಕಾಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಂದು ಊಟ ಸೇರಲಿಲ್ಲ. ಸಂಜೆ ಹೋಗಿ ಅಜ್ಜನ ಮುಂದೆ ನಿಂತಳು.

“ಅಜ್ಜಾರ, ನಾ ಕಳ್ಳಿ ಅದೀನ್ರಿ.”

“ಏನು ಕದ್ದಿ?”

ಅವಳು ಎಲ್ಲವನ್ನೂ ಹೇಳಿದಳು. ಗೋಡೆ, ಕಸಬರಿಗೆ, ಚಾರ್ಜು, ಮೂವತ್ತು ಹೆಜ್ಜೆ. ಅಜ್ಜನಿಗೆ ನಗು ಬಂತು, ಆದರೆ ನುಂಗಿಕೊಂಡರು.

“ಯಾರ ಫೋನ್ ಬರಬೇಕು ತಂಗಿ?”

“ನಮ್ಮಕ್ಕಂದ್ರಿ. ಅವ್ವ ತೀರಿಕೊಂಡಾಗ ಅಕ್ಕ ತಡಾ ಮಾಡಿ ಬಂದ್ಲು. ಮಂದಿ ಮುಂದ ಒಂದು ಮಾತಂದೆ, ನೀ ಬರದಿದ್ರೂ ನಡೀತಿತ್ತು ಅಂತ. ಆರು ವರ್ಷಾತ್ರಿ, ಮಾತಿಲ್ಲ. ಹೋದ ತಿಂಗಳ ಆಕೀ ಮಗಳು ಹೇಳಿ ಕಳಿಸ್ಯಾಳ, ಅಕ್ಕ ಒಂದಿನ ಫೋನ್ ಮಾಡ್ತಾಳ ಅಂತ. ನಾ ಎತ್ತಲಿಲ್ಲಂದ್ರ ಎರಡನೇ ಸಲ ಮಾಡಾಕಿ ಅಲ್ರಿ ನಮ್ಮಕ್ಕ.”

ಅಜ್ಜ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ನಾಳೆ ಮುಂಜಾನೆ ನನ್ನ ಕೂಡ ಹೊಳೀಗೆ ಬಾ. ಕೈಯಾಗಿಂದು ಬಿಚ್ಚಬ್ಯಾಡ.”

ಮರುದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದೆ ನಡೆಯುವ ಅಜ್ಜನ ಬಿಳಿ ರುಮಾಲೂ ಆಗಾಗ ಕರಗಿಹೋಗುತ್ತಿತ್ತು. ಅವಳು ಬೇಡವೆಂದರೂ ಮನಸ್ಸು ಹೆಜ್ಜೆ ಎಣಿಸುತ್ತಿತ್ತು. ಮೂವತ್ತೊಂದಕ್ಕೆ ವಾಚು ನಡುಗಿತು. ಅವಳು ನಿಂತಳು.

“ಏನಂತೈತಿ?” ಅಜ್ಜ ತಿರುಗದೆಯೇ ಕೇಳಿದರು.

“ಕಡೀತು ಅಂತೈತ್ರಿ.”

ಅಜ್ಜ ನಿಲ್ಲಲಿಲ್ಲ. ಈಗಲೇ ಅಕ್ಕ ಫೋನ್ ಮಾಡಿಬಿಟ್ಟರೆ? ಆದರೂ ಅವಳು ಹಿಂದೆಯೇ ನಡೆದಳು.

ದಂಡೆಯ ಬಂಡೆಯ ಮೇಲೆ ಇಬ್ಬರೂ ಕುಳಿತರು. ಆಚೆ ದಡ ಇದೆ ಎಂದು ನಂಬಬೇಕು, ಅಷ್ಟೆ. ನೀರು ಹರಿಯುತ್ತಿದೆಯೋ, ತಾವು ಕುಳಿತ ಬಂಡೆಯೇ ಸರಿಯುತ್ತಿದೆಯೋ ತಿಳಿಯದು. ಬಲಗಡೆ ಒಂದು ದೋಣಿ ತೂಕಡಿಸುತ್ತಿತ್ತು. ಅದರೊಳಗೆ ಕಂಬಳಿ ಹೊದ್ದ ಅಂಬಿಗನೂ ತೂಕಡಿಸುತ್ತಿದ್ದ. ಎಷ್ಟು ಹೊತ್ತು ಹಾಗೆ ಕುಳಿತಿದ್ದರೋ.

“ಈಗೇನು ಮಾಡಾಕತ್ತೈತಿ ಅದು?” ಎಂದರು ಅಜ್ಜ.

“ಫೋನ್ ಎಲ್ಲೈತಿ ಅಂತ ಹುಡುಕಾಕತ್ತೈತ್ರಿ.”

“ಹುಡುಕಿದ್ರ ಸಿಗತೈತೇನು?”

“ಇಲ್ರಿ. ಇಲ್ಲಿಂದ ಎಷ್ಟು ಹುಡುಕಿದ್ರೂ ಚಾರ್ಜಷ್ಟ ಖಾಲಿ ಆಗತೈತ್ರಿ.”

“ಮತ್ತ ಎರಡೂ ಕೂಡೂದು ಹೆಂಗ?”

“ಹತ್ರ ಹೋಗಬೇಕ್ರಿ.”

“ಯಾರು ಹೋಗಬೇಕು? ಅದಕ್ಕ ಕಾಲಿಲ್ಲ.”

“ಕಟ್ಟಿಕೊಂಡಾಕಿ ಹೋಗಬೇಕ್ರಿ ಅಜ್ಜಾರ.”

ಮಂಜಿನೊಳಗೆಲ್ಲೋ ಒಂದು ಹಕ್ಕಿ ಕೂಗಿ, ತಾನೇ ಕೂಗಿದ್ದನ್ನು ಮರೆತಂತೆ ಸುಮ್ಮನಾಯಿತು.

“ನಿಮ್ಮಕ್ಕನ ಊರು ಎಲ್ಲಿ ಬರತೈತಿ?”

“ಹೊಳಿ ಆಚೀಕಡೇನ ಐತ್ರಿ. ದಾಟಿದ್ರ ಒಂದ್ ತಾಸಿನ ದಾರಿ.”

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಒಂದು ತಾಸು. ಆರು ವರ್ಷದಿಂದ ಒಂದು ತಾಸಿನ ದಾರಿ. ಕಣ್ಣು ತುಂಬಿ ಬಂದು ಹೊಳೆ, ಮಂಜು, ಅಜ್ಜ ಎಲ್ಲ ಒಂದೇ ಆದವು.

“ಅಜ್ಜಾರ, ಅಪ್ಪಣೆ ಆದ್ರ ನಾ ಹೋಗಿ ಬರ್ತೀನ್ರಿ.”

“ಹೋಗಿ ಬಾ.”

ಅವಳು ಸೆರಗು ಸಿಕ್ಕಿಸಿ ಎದ್ದು ಮಠದ ಕಡೆ ಓಡಿದಳು. ಮೊದಲು ಬುಟ್ಟಿಯಿಂದ ಫೋನ್ ತೆಗೆದುಕೊಳ್ಳಬೇಕು. ಈ ನಡುವೆ ಅಕ್ಕನ ಕರೆ ಬಂದಿದೆಯೋ ಏನೋ ನೋಡಬೇಕು. ಹೋಗುವ ಮುಂಚೆ ಒಂದು ಮಾತು ತಿಳಿಸಿದರೆ ಒಳ್ಳೆಯದೇನೋ, ಆಕೆ ಏನನ್ನುತ್ತಾಳೋ, ನೋಡಿಕೊಂಡು ನಾಳೆ ಹೋದರೂ ಆದೀತು.

ಹಿಂದಿನಿಂದ, ಮಂಜಿನೊಳಗಿಂದ, ಅಜ್ಜನ ದನಿ ಬಂತು.

“ಅತ್ತಾಗಲ್ಲ ತಂಗಿ. ದೋಣಿ ಇತ್ತಾಗ ಐತಿ.”