ಹುಲ್ಲಿನ ನಡುವೆ ಮಣ್ಣುಂಡೆ ಇಟ್ಟವನು

ನೆಲದಿಂದ ತಿಂದವರು ಅಂದಂದೇ ನೆಲಕ್ಕೆ ಒಂದಿಷ್ಟು ಹಿಂದಿರುಗಿಸಬೇಕು. ಕೂಡಿಟ್ಟು ಒಂದೇ ದಿನ ಸುರಿಯಬಾರದು. ಜಗತ್ತು ಇನ್ನೂ ಹೊಸದಾಗಿದ್ದಾಗ ಇದ್ದ ನಿಯಮ ಇದೊಂದೇ. ಒಬ್ಬನನ್ನು ಬಿಟ್ಟು ಎಲ್ಲರೂ ಅದನ್ನು ಮುರಿದರು.

ನಿಯಮ ಮಾಡಿದವಳು ಮಳೆಯಜ್ಜಿ. ನೆಲದ ಮೇಲೆ ಮೊದಲ ಗರಿಕೆ ಹುಲ್ಲನ್ನು ಹಾಸಿ, "ಇವಳು ಎಳೆಕೂಸು, ಹೊಟ್ಟೆ ಸಣ್ಣದು. ಜೋಪಾನವಾಗಿ ನೋಡಿಕೊಳ್ಳಿ," ಎಂದು ಹೇಳಿ ಕಡಲ ಕಡೆ ಹೊರಟುಹೋದಳು.

ಎಮ್ಮೆ ಮೇಯಿತು. ಮೇಕೆ ಮೇಯಿತು. ಹೊಟ್ಟೆ ತುಂಬಿದ ಮೇಲೆ ಇಬ್ಬರೂ ಬಂಡೆಯ ಹಿಂದೆ ಹೋಗಿ ಸಗಣಿ, ಹಿಕ್ಕೆ ಹಾಕಿ ಬಂದರು.

"ಮಲಗೋ ಜಾಗ ಗಲೀಜಾಗಬಾರದಲ್ಲ," ಎಂದಿತು ಎಮ್ಮೆ.

"ನಾಳೆ ಎಲ್ಲ ಒಟ್ಟಿಗೆ ತಂದು ಹಾಕಿದರಾಯಿತು," ಎಂದಿತು ಮೇಕೆ.

ಆ ನಾಳೆ ಬರಲೇ ಇಲ್ಲ. ಬಂಡೆಯ ಹಿಂದೆ ರಾಶಿ ಬೆಳೆಯಿತು. ಇತ್ತ ಗರಿಕೆ ಹಳದಿಯಾದಳು.

ಮಣ್ಣಿನೊಳಗಿದ್ದ ಎರೆಹುಳುವಿಗೆ ಅವಳ ಬೇರು ಸೊರಗುವುದು ಮೈಗೆ ತಾಗಿ ತಿಳಿಯುತ್ತಿತ್ತು.

"ಎರೆಯಣ್ಣ, ಹಸಿವು," ಎಂದಳು ಗರಿಕೆ.

"ತಡಿ ಪುಟ್ಟಿ, ತರ್ತೀನಿ."

ಅವನು ಉದುರಿದ ಎಲೆಯ ಚೂರೊಂದನ್ನು ತಿಂದು, ಹೊಟ್ಟೆಯಲ್ಲಿ ಅರೆದು, ಮೆಣಸುಕಾಳಿನಷ್ಟು ಮಣ್ಣುಂಡೆ ಮಾಡಿ ಬೇರಿನ ಬಳಿ ಇಟ್ಟ. ಮರುದಿನ ಇನ್ನೊಂದು. ಅದರ ಮರುದಿನ ಮತ್ತೊಂದು. ಅಷ್ಟರಿಂದಲೇ ಅವಳು ಜೀವ ಹಿಡಿದುಕೊಂಡಿದ್ದಳು.

ಒಂದು ಮಧ್ಯಾಹ್ನ ಗಾಳಿ ಓಡಿಬಂತು. "ಅಜ್ಜಿ ಬೆಟ್ಟ ಹತ್ತುತ್ತಿದ್ದಾಳೆ. ಸಂಜೆಗೆ ಇಲ್ಲಿರ್ತಾಳೆ."

ಎಮ್ಮೆಗೆ ಗಾಬರಿಯಾಯಿತು. ಕೊಂಬಿನಿಂದ ಇಡೀ ರಾಶಿಯನ್ನು ಹುಲ್ಲಿನ ಮೇಲಕ್ಕೆ ನೂಕತೊಡಗಿತು. ಮೇಕೆಯೂ ಕೈಜೋಡಿಸಿತು. ರಾಶಿಯೊಳಗಿನ ಕಾವಿಗೆ ಒಂದು ಮೂಲೆಯ ಗರಿಕೆ ಸುಟ್ಟು ಕಪ್ಪಾಯಿತು. ಇನ್ನೊಂದು ಮೂಲೆಯೂ ಹೋಯಿತು. ನಡುವೆ ಒಂದು ಅಂಗೈಯಗಲ ಹುಲ್ಲು ಮಾತ್ರ ಉಳಿಯಿತು.

ಎರೆಯಣ್ಣ ಮಣ್ಣಿನಿಂದ ಹೊರಗೆ ಬಂದು ಆ ಹುಲ್ಲಿನ ಮುಂದೆ ಅಡ್ಡ ಮಲಗಿದ.

"ಏಯ್ ದಾರದ ತುಂಡೇ, ಸರಿ ಆಚೆ," ಎಂದಿತು ಎಮ್ಮೆ.

"ಸರಿಯೋದಿಲ್ಲ ಅಕ್ಕ."

"ಅಜ್ಜಿ ಕೇಳಿದರೆ ನಾನೇನು ಹೇಳಲಿ?"

"ಇದ್ದದ್ದನ್ನೇ ಹೇಳಿ. ದಿನಾ ಕೊಡಲಿಲ್ಲ ಅಂತ. ನಿಮ್ಮ ತಪ್ಪಿಗೆ ಈ ಕೂಸನ್ನ ಹೂಳಬೇಡಿ."

"ಬಿಸಿಲಿಗೆ ಒಣಗಿ ಹೋಗ್ತೀಯಲ್ಲೋ," ಎಂದಿತು ಮೇಕೆ, ಮೆಲ್ಲಗೆ.

ಅವನ ಮೈ ಆಗಲೇ ಉರಿಯುತ್ತಿತ್ತು. ಆದರೂ ಒಳಗೆ ಹೋಗಲಿಲ್ಲ. ರಾಶಿಯ ಆರಿದ ಅಂಚಿನವರೆಗೆ ತೆವಳಿ ಒಂದು ತುತ್ತು ತಿಂದ. ಅರೆದು, ತಿರುಗಿ ಬಂದು, ಬೇರಿನ ಪಕ್ಕ ಒಂದು ಉಂಡೆ ಇಟ್ಟ. ಮತ್ತೆ ಹೊರಟ. ಎಮ್ಮೆ ಕೊಂಬು ತಗ್ಗಿಸಿ ನೋಡುತ್ತಾ ನಿಂತಿತು. ನೂಕಲು ಅದಕ್ಕೆ ಮನಸ್ಸೇ ಬರಲಿಲ್ಲ. ಸಂಜೆ ಮಳೆಯಜ್ಜಿಯ ಮೊದಲ ಹನಿ ಬಿದ್ದು ಎರೆಯಣ್ಣನ ಮೈ ತಂಪಾದಾಗ, ಆ ಅಂಗೈಯಗಲ ಹುಲ್ಲು ಇನ್ನೂ ಜೀವಂತವಾಗಿತ್ತು.

ಬೆಳಗ್ಗೆ ಎದ್ದು ಮನೆ ಮುಂದಿನ ಹುಲ್ಲಿನ ನಡುವೆ ಬಗ್ಗಿ ನೋಡು ಮಗು: ಅಲ್ಲಿರುವ ಪುಟ್ಟ ಪುಟ್ಟ ಮಣ್ಣುಂಡೆಗಳನ್ನು ಎರೆಯಣ್ಣ ಇವತ್ತಿಗೂ ಒಟ್ಟಿಗೆ ಸುರಿದು ಹೋಗುವುದಿಲ್ಲ, ಒಂದೊಂದಾಗಿಯೇ ಇಡುತ್ತಾನೆ.